ಅಲಮಾರಿಯ ಹಿಂದಿನ ಗೋಡೆ

ಭಾಲ್ಕಿಯಲ್ಲಿ ಬಾಡಿಗೆ ಮನೆಗಳ ಫೋಟೊ ತೆಗೆಯುವವರೊಬ್ಬರಿದ್ದರು. ಸಾಮಾನು ತುಂಬಿದ ಕೋಣೆಯ ಚಿತ್ರದಿಂದ ಮಂಚ, ಕುರ್ಚಿಗಳನ್ನೆಲ್ಲ ಮೊಬೈಲಿನ ಎಐ ಬಳಸಿ ಅಳಿಸಿ, ಖಾಲಿ ಕೋಣೆ ತೋರಿಸುತ್ತಿದ್ದರು. ಅಳಿಸುವ ಮೊದಲು ಮೊಣಕಾಲೂರಿ, ಪ್ರತಿಯೊಂದರ ಹಿಂದಿನ ಗೋಡೆಗೂ ಟಾರ್ಚ್ ಬಿಟ್ಟು ನೋಡುವರು. "ಎಐಗ ಏನ್ ಗೊತ್ತದರಿ? ಅದಕ್ಕ ಎಲ್ಲಾ ಗ್ವಾಡಿನೂ ಛಲೋನೇ," ಎನ್ನುವರು.

ಬಾಡಿಗೆಗೆ ಕೊಡಲಿದ್ದ ನಮ್ಮ ಮನೆಗೆ ಬಂದ ದಿನ ನಾನು ಅವಸರ ಮಾಡಿದ್ದರಿಂದ ಅವರು ಹಿಂದೆ ನೋಡದೆಯೇ ಚಿತ್ರದಿಂದ ಅಲಮಾರಿಯನ್ನು ಅಳಿಸಿದರು. ಚಿತ್ರ ಔರಾದಿನಿಂದ ವರ್ಗವಾಗಿ ಬರಲಿದ್ದ ನರ್ಸ್ ಒಬ್ಬರಿಗೆ ಹೋಯಿತು. ಅವರು ತುಂಬು ಬಸುರಿ. ಕೂಡಲೇ ಫೋಟೊದವರಿಗೆ ಫೋನ್ ಮಾಡಿ, "ಆ ಖಾಲಿ ಗ್ವಾಡಿ ಬಲ್ಲಿ ತೊಟ್ಲಾ ಇಡ್ತೇನ್ರಿ," ಎಂದರು.

ಫೋಟೊದವರು ಫೋನ್ ಇಟ್ಟು ನನ್ನ ಕಡೆ ತಿರುಗಿದರು. "ಅಣ್ಣಾ, ಒಂದ್ ಕೈ ಹಚ್ರಿ."

ಇಬ್ಬರೂ ಅಲಮಾರಿ ಸರಿಸಿದೆವು. ಗೋಡೆ ಉಬ್ಬಿ ಬಿರಿದಿತ್ತು. ಬಿರುಕಿನೊಳಗೆ ಅವರ ನಾಲ್ಕು ಬೆರಳು ಹೋದವು.

"ನಿಮಗ ಗೊತ್ತಿತ್ತೇನ್ರಿ?"

ಬಿರುಕು ಕಾಣದಿರಲೆಂದೇ ಅಲಮಾರಿಯನ್ನು ಅಲ್ಲಿ ಇಟ್ಟಿದ್ದೆ.

ಅವರು ಬೈಯಲಿಲ್ಲ. ಬಿರುಕಿನ ಫೋಟೊ ತೆಗೆದು ನರ್ಸಿಗೆ ಕಳಿಸಿ, ಫೋನಿನಲ್ಲಿ, "ಅಕ್ಕಾ, ಈ ಮನಿ ಬ್ಯಾಡ್ರಿ. ಬ್ಯಾರೆ ತೋರಸ್ತೇನಿ," ಎಂದರು.

ಹೊರಡುವಾಗ ಅಲಮಾರಿಯ ಮೇಲೆ ಕೈಯಿಟ್ಟು, "ವಾಪಸ್ ಸರಸೋಣೇನ್ರಿ?" ಎಂದು ಕಾದು ನಿಂತರು.

ಬೇಡವೆಂದೆ.