ರಾತ್ರಿ ಒಂದರ ತಾರೀಖು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಚಿಕ್ಕಮಗಳೂರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದೆ. ಲಿಸ್ಪ್ ಎಂಬ ಭಾಷೆ ಕಲಿತ ಕೊಬ್ಬು ಮೈತುಂಬ ಇತ್ತು. ಅದರಲ್ಲಿ ಏನು ಮಾಡುವುದಿದ್ದರೂ ಫಂಕ್ಷನ್, ಅಂದರೆ ಕೊಟ್ಟದ್ದನ್ನು ಲೆಕ್ಕ ಹಾಕಿ ಉತ್ತರ ಕೊಡುವ ಪುಟ್ಟ ಪ್ರೋಗ್ರಾಂ. ನಾನು ಬರೆದಿದ್ದ ಒಂದು ಫಂಕ್ಷನ್ನಿಗೆ ತಾರೀಖನ್ನೂ ಗಂಟೆಯನ್ನೂ ಬೇರೆಬೇರೆಯಾಗಿ ಕೊಟ್ಟರೆ, ಅವೆರಡನ್ನು ಮುಟ್ಟದೆ, ಕೂಡಿಸಿದ ಹೊಸದೊಂದು ಕ್ಷಣವನ್ನು ಕೈಗಿಡುತ್ತಿತ್ತು.

ಅಪ್ಪ ಅತ್ತಿಗುಂಡಿ ಕಡೆಯ ಎಸ್ಟೇಟಿನಲ್ಲಿ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಮೇಸ್ತ್ರಿ. ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ ಕಾಫಿ ಬೀಜ ತೊಟ್ಟಿಯಲ್ಲಿ ಒಂದೂವರೆ ದಿನ ಕೂತು ಲೋಳೆ ಬಿಡಬೇಕು. ಹೆಚ್ಚು ಬಿಟ್ಟರೆ ನಾರುತ್ತದೆ. ಆ ವರ್ಷ ನಾರಿತು. ಎಸ್ಟೇಟಿನ ಸಾಹುಕಾರರು ಅಪ್ಪ ಬರೆದ ರಿಜಿಸ್ಟರ್ ಹಿಡಿದು ಸೀದಾ ಲ್ಯಾಬಿಗೇ ಬಂದರು.

"ಯಾವ ತೊಟ್ಟಿ ಎಷ್ಟು ಹೊತ್ತು ಇತ್ತು ಅಂತ ನಿನ್ನ ಮಿಷನ್ ಹೇಳ್ತದೇನಮ್ಮ?"

"ಹೇಳುತ್ತೆ ಸರ್. ಇದು ತಪ್ಪೇ ಮಾಡಲ್ಲ" ಎಂದೆ.

ನಾಲ್ಕು ತೊಟ್ಟಿಗಳ ಮುಂದೆ ಅರವತ್ತು ಗಂಟೆ ಎಂದು ಬಂತು. ಸಾಹುಕಾರರು ಬೆನ್ನ ಹಿಂದೆಯೇ ನಿಂತಿದ್ದರು. ಪ್ರಿಂಟರಿನಿಂದ ಕಾಗದ ಹರಿದುಕೊಂಡು, "ಜೀಪು ಹತ್ತು" ಎಂದರು. ಅಪ್ಪನ ಕೆಲಸ ಹೋದರೆ ಎಸ್ಟೇಟ್ ಲೈನಿನ ಮನೆಯೂ ಹೋದಂತೆ. ಅಮ್ಮನನ್ನು ಎಲ್ಲಿಡುವುದು?

ಗಿರಿಯ ತಿರುವುಗಳಲ್ಲಿ ರಿಜಿಸ್ಟರನ್ನು ತೊಡೆಯ ಮೇಲಿಟ್ಟು ನೋಡುತ್ತ ಹೋದೆ. ಹನ್ನೆರಡನೇ ತಾರೀಖು ಸಂಜೆ ಆರಕ್ಕೆ ಪಲ್ಪರ್ ಶುರು, ಹನ್ನೆರಡನೇ ತಾರೀಖು ರಾತ್ರಿ ಒಂದಕ್ಕೆ ಬಂದ್. ಶುರುವಾಗುವ ಮೊದಲೇ ಮುಗಿದ ಕೆಲಸ! ಅಪ್ಪನಿಗೆ ಹೊತ್ತು ಹುಟ್ಟುವವರೆಗೂ ನಿನ್ನೆಯದೇ ತಾರೀಖು. ನಮ್ಮ ಮನೆಯಲ್ಲಿ ಎಲ್ಲರಿಗೂ ಹಾಗೆಯೇ. ನನ್ನ ಫಂಕ್ಷನ್ ಮಾತ್ರ ಹನ್ನೆರಡನೇ ತಾರೀಖಿಗೆ ರಾತ್ರಿ ಒಂದು ಗಂಟೆಯನ್ನು ಇದ್ದಂತೆಯೇ ಕೂಡಿಸಿ, ಇಡೀ ಒಂದು ದಿನ ಹಿಂದಕ್ಕೆ ಹೋಗಿತ್ತು. ತೊಟ್ಟಿಯ ಹೊತ್ತನ್ನು ಎಣಿಸುವುದು ಪಲ್ಪರ್ ಬಂದ್ ಆದಾಗಿನಿಂದ; ಹಾಗಾಗಿ ಮೂವತ್ತಾರು ಗಂಟೆ ಅರವತ್ತಾಗಿತ್ತು. ಅಲ್ಲೇ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ನನಗೆ ಈ ಟೆಂಪರರಿ ಕೆಲಸ ಕೊಡಿಸಿದವರೂ ಇವರೇ.

ಪಲ್ಪರ್ ಹೌಸಿನ ಮುಂದೆ ಸಾಹುಕಾರರು ಕಾಗದವನ್ನು ಅಪ್ಪನ ಮುಖಕ್ಕೆ ಹಿಡಿದರು. "ಅರವತ್ತು ಗಂಟೆ ಬಿಟ್ಟಿದ್ದೀಯಲ್ಲ ಮಾರಾಯ!"

ಅಪ್ಪ ಕಾಗದ ನೋಡಿದ, ನನ್ನನ್ನು ನೋಡಿದ. "ಮಗಳು ಲೆಕ್ಕ ಹಾಕಿದ್ದಾ ಅಯ್ಯಾ? ಹಂಗಾದ್ರೆ ಸರಿಯೇ ಇರ್ತದೆ. ನಾನೇ ಮರ್ತಿರ್ಬೇಕು."

"ಇಲ್ಲ ಸರ್, ತಪ್ಪು ನಂದು!" ಎಂದು ಕಿರುಚಿಯೇಬಿಟ್ಟೆ. ತೊದಲುತ್ತ, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ.

ಸಾಹುಕಾರರು ಎರಡು ಸಲ ಓದಿದರು. "ರಾತ್ರಿ ಒಂದಕ್ಕೆ ಯಾವ ತಾರೀಖು ಹಾಕ್ತೀಯ?"

"ಹೊತ್ತು ಹುಟ್ಟಿರಲ್ವಲ್ಲ ಅಯ್ಯಾ. ಹಿಂದಿನ ದಿನದ್ದೇ."

ಅವರು ಕಾಗದ ಮುದುರಿ ಎಸೆದು, ಹಾಗಾದರೆ ನಾರಿದ್ದು ನೀರಿನಿಂದಲೋ ಏನೋ, ತೊಟ್ಟಿಗೆ ಬರುವ ನೀರನ್ನಾದರೂ ನೋಡೋಣ ಎಂದು ಆಚೆ ಹೋದರು. ಅಪ್ಪ ರಿಜಿಸ್ಟರನ್ನು ನನ್ನ ಕೈಯಿಂದ ತೆಗೆದುಕೊಂಡ.

"ಯಾವಾಗ ಗೊತ್ತಾಯ್ತು ಮಗಾ ನಿಂಗೆ?"

"ಈಗಷ್ಟೇ" ಎಂದೆ.