ಅರವತ್ತು ಅಡಿ ಎತ್ತರದ ತಂತಿ

ನನ್ನ ಮನೆ ಗೋಕಾಕದಲ್ಲಿ, ನನ್ನ ಗೆಳೆಯನದು ಮೂಡಲಗಿಯಲ್ಲಿ. ಬಸ್ಸಿಗೆ ಒಂದು ತಾಸಿನ ದಾರಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವನು. ಅವನು ಕುರಿ ಕಾಯುವ ಮನೆತನದವನು, ಸುಟ್ಟ ಪಂಪ್‌ಸೆಟ್ ಮೋಟರಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಮನೆಯಲ್ಲೇ ಕೂತು ದೂರದವರೊಡನೆ ಮಾತಾಡುವ ಹವ್ಯಾಸಿ ರೇಡಿಯೋದ, ಅಂದರೆ ಹ್ಯಾಮ್ ಪರೀಕ್ಷೆಗೆ ಇಬ್ಬರೂ ಒಟ್ಟಿಗೆ ಕೂತೆವು, ಲೈಸೆನ್ಸೂ ಒಟ್ಟಿಗೆ ಬಂತು. ಚುಕ್ಕೆ ಗೆರೆಗಳ ಮೋರ್ಸ್ ಭಾಷೆಯಲ್ಲಿ ಅವನು ನನಗಿಂತ ಬಹಳ ಚುರುಕು. ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಲು ನನ್ನಂಥ ಮೇಷ್ಟ್ರಿಗೆ ವರ್ಷಗಳೇ ಹಿಡಿದವು.

ಅವನ ಹಿತ್ತಲಿನಲ್ಲಿ ಡೈಪೋಲ್ ಆಂಟೆನಾ ಕಟ್ಟಿದ ದಿನ ಈಗಲೂ ಕಣ್ಣ ಮುಂದಿದೆ. ಡೈಪೋಲ್ ಅಂದರೆ ಘನಂದಾರಿ ವಸ್ತುವೇನಲ್ಲ, ಹತ್ತತ್ತು ಮೀಟರಿನ ಎರಡು ತಂತಿ, ನಡುವಿನಿಂದ ರೇಡಿಯೋಕ್ಕೆ ಇಳಿಯುವ ಒಂದು ಕೇಬಲ್. ತಂತಿ ಅವನ ಅಂಗಡಿಯದು, ತುದಿಯ ಹಗ್ಗ ಅವನ ಅಪ್ಪ ಕುರಿಯ ಉಣ್ಣೆಯಿಂದ ಹೊಸೆದದ್ದು. ಒಂದು ತುದಿ ಬೇವಿನ ಮರಕ್ಕೆ, ಇನ್ನೊಂದು ದನದ ಕೊಟ್ಟಿಗೆಯ ಕಂಬಕ್ಕೆ. ನಾನು ಕೆಳಗೆ ಕೂತು ಮೀಟರ್ ನೋಡಿ ಕೂಗುವುದು, ಅವನು ಮರ ಏರಿ ತಂತಿಯ ತುದಿಯನ್ನು ಬೆರಳಗಲ ಕತ್ತರಿಸುವುದು. ಉದ್ದ ಹೊಂದಿ ಮೀಟರಿನ ಮುಳ್ಳು ಸರಿಯಾಗಿ ಇಳಿಯುವಷ್ಟರಲ್ಲಿ ಒಂಬತ್ತು ಸಲ ಏರಿದ್ದ.

"ಲೆಕ್ಕಾ ನಿಮ್ದು ಸರ, ಮೊಳಕಾಲು ನಂದು" ಎಂದು ಮೇಲಿಂದಲೇ ಗೊಣಗಿದ.

ಅವನ ಹೆಂಡತಿ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬಂದು, "ಮುಂಜಾನಿಂದ ಕಟ್ಟಾಕತ್ತೀರಿ, ಇದರ ಮ್ಯಾಲೆ ಅರಿವಿ ಹಾಕಾಕ ಬರೂದಿಲ್ಲೇನ್ರಿ ಅಣ್ಣಾರ?" ಎಂದಳು. ಮೂವರೂ ನಕ್ಕೆವು.

ಅಂದಿನಿಂದ ಸಂಜೆ ಆರಕ್ಕೆ ನಮ್ಮ ಮಾತು. ಅಂಕಲಗಿ ಕಡೆ ಮಳೆ ಬಂತೇ, ಯಾರ ಮೋಟರ್ ಸುಟ್ಟಿತು, ಇಷ್ಟೇ. ಆಮೇಲೆ ಅವನ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆಯಿತು, ಧ್ವನಿ ಹೋಯಿತು. ಹೆಂಡತಿಗೆ ಬರೆದು ತೋರಿಸೋಣವೆಂದರೆ ಆಕೆಗೆ ಅಕ್ಷರ ಬಾರದು. ಒಬ್ಬಳೇ ಮಗಳು ಯಮಕನಮರಡಿಯಲ್ಲಿ ಗಂಡನ ಮನೆಯಲ್ಲಿದ್ದಳು. ಹೀಗಾಗಿ ಮನೆಯಲ್ಲಿ ಕೈಸನ್ನೆ. ಮನಸ್ಸಿನ ಮಾತೆಲ್ಲ ಆರು ಗಂಟೆಗೆ ಮೋರ್ಸ್‌ನಲ್ಲಿ ನನಗೆ. ಮೋರ್ಸ್ ಕೀ ಒತ್ತಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬಡಿಯುತ್ತಿದ್ದ. ಒಂದು ಸಂಜೆ "ಹೆದರಿಕಿ ಆಗೇತಿ ಸರ" ಎಂದು ಬಡಿದ. ನಾನು ಹವಾಮಾನದ ಮಾತೆತ್ತಿದೆ.

ಆ ಚಳಿಗಾಲದಲ್ಲಿ ಹುಕ್ಕೇರಿಯಲ್ಲಿ ಹಳೆಯ ಬೋರ್‌ವೆಲ್ ಪೈಪುಗಳು ಸಿಕ್ಕವು. ಅವನ್ನು ಜೋಡಿಸಿ ನನ್ನ ಆಂಟೆನಾವನ್ನು ಮಾಳಿಗೆಯ ಮೇಲೆ ಅರವತ್ತು ಅಡಿಗೆ ಏರಿಸಿದೆ. ಮೊದಲ ಸಂಜೆಯೇ ಜಪಾನ್ ಸಿಕ್ಕಿತು. ಹುಚ್ಚು ಹಿಡಿದಂತಾಯಿತು. ತಗ್ಗಿನಲ್ಲಿ ಕಟ್ಟಿದ ತಂತಿ, ಆಕಾಶಕ್ಕೆ ಬಡಿದು ನೆತ್ತಿಯ ಮೇಲಿಂದ ಬೀಳುವ ಸಿಗ್ನಲ್ ಹಿಡಿಯುತ್ತದೆ, ಅಕ್ಕಪಕ್ಕದ ಊರುಗಳು ಸಿಗುವುದು ಹಾಗೆ. ಅಷ್ಟೆತ್ತರದ್ದು ದೂರದ್ದನ್ನು ಹಿಡಿದು ನೆತ್ತಿಯದನ್ನು ಬಿಟ್ಟುಬಿಡುತ್ತದೆ. ಇದನ್ನು ನಾನೇ ಹೊಸಬರಿಗೆ ಚಿತ್ರ ಬರೆದು ಕಲಿಸಿದವನು.

ಆರು ಗಂಟೆಗೆ ಕೂತು ಐದು ನಿಮಿಷ ಕಾಯುತ್ತಿದ್ದೆ. ಮೂಡಲಗಿಯಿಂದ ಸದ್ದಿಲ್ಲ. ಔಷಧಿಯ ಮಂಪರಿಗೆ ಮಲಗಿರಬೇಕು ಎಂದುಕೊಂಡು ಗುಂಡಿಯನ್ನು ಜಪಾನಿನ ಕಡೆ ತಿರುಗಿಸುತ್ತಿದ್ದೆ. ಮಾತೇ ಆಡಲಾರದವನಿಗೆ ಫೋನ್ ಮಾಡಿ ಏನು ಮಾಡುವುದು ಎಂಬುದು ನನ್ನ ಜಾಣತನ. ರವಿವಾರ ಹೋದರಾಯಿತು ಅಂದೆ. ರವಿವಾರ ಬಂದಾಗ ಪೈಪು ಅಲುಗದಂತೆ ಹಿಡಿಯುವ ತಂತಿ ಬಿಗಿಯುತ್ತ ಕೂತೆ. ಹೀಗೆ ಹನ್ನೊಂದು ಸಂಜೆ ಹೋದವು. ಹನ್ನೆರಡನೆಯ ದಿನ ಬೆಳಿಗ್ಗೆ ಅವನ ಮಗಳ ಫೋನ್ ಬಂತು. ಅವನು ತೀರಿಕೊಂಡಿದ್ದ.

ಮಣ್ಣು ಮುಗಿದ ಮೇಲೆ ಮೂರನೆಯ ದಿನ ಅವನ ಹೆಂಡತಿ ನನ್ನನ್ನು ಒಳಗೆ ಕರೆದು ಅವನ ರೇಡಿಯೋ ಮುಂದೆ ಕೂರಿಸಿದಳು. ಬ್ಯಾಟರಿಯ ಮೇಲೆ ನಡೆಯುವ, ಅವನೇ ಕಟ್ಟಿದ ಪುಟ್ಟ ಸೆಟ್ಟು. ಪಕ್ಕದಲ್ಲಿ, ನಾವೆಲ್ಲ ಇಡುವಂಥ, ಕರೆದವರ ವಿವರ ಬರೆಯುವ ವಹಿ. ತೆರೆದೆ. ಹನ್ನೊಂದು ದಿನವೂ ಒಂದೇ ಸಾಲು: "ಆರು ಗಂಟೆ. ಕರೆದೆ. ಉತ್ತರ ಇಲ್ಲ." ನಡುವೆ ಒಂದು ಕಡೆ: "ಸರ ಜಪಾನದವರ ಜೋಡಿ ಮಾತಾಡಾಕತ್ತಾರ. ದನಿ ಚಲೋ ಕೇಳಾಕತ್ತೈತಿ." ನನ್ನ ದೊಡ್ಡ ಸೆಟ್ಟಿನ ಶಕ್ತಿ ಹೆಚ್ಚು, ಅವನಿಗೆ ಕೇಳುತ್ತಿತ್ತು. ಅವನ ಪುಟ್ಟ ಸೆಟ್ಟಿನ ಸಣ್ಣ ಸದ್ದು ನನ್ನ ಎತ್ತರದ ತಂತಿಗೆ ಸಿಗಲಿಲ್ಲ. ಮುಖ ಎತ್ತಲಾಗದಷ್ಟು ನಾಚಿಕೆಯಾಯಿತು.

ಆಕೆಗೆ ಆ ವಹಿಯಲ್ಲಿ ಏನಿದೆಯೆಂದು ಗೊತ್ತಿರಲಿಲ್ಲ.

"ಕಡೀ ದಿನ ತಾಸತನಕ ಬಡದ್ರು ಅಣ್ಣಾರ. ಕೂಡಾಕ ತ್ರಾಣ ಇರಲಿಲ್ಲ, ಆದ್ರೂ ಬಿಡಲಿಲ್ಲ. ನನ್ನ ಬಾಜೂಕ ಕುಂಡ್ರಿಸಿಕೊಂಡು, ನನ್ನ ಮಾರಿ ನೋಡಿಕೋತ ಬಡದ್ರು. ನನಗೇನರ ಹೇಳ್ಯಾರ, ಖರೆ ಹೌದಲ್ಲ? ಏನಂದ್ರು ಹೇಳ್ರಿ."

ಒಂದು ಒಳ್ಳೆಯ ಮಾತು ಕಟ್ಟಿ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಅಷ್ಟು ಕಷ್ಟಪಟ್ಟು ಬಡಿದವನ ಮಾತಿನ ಜಾಗದಲ್ಲಿ ನನ್ನ ಮಾತು ಇಡಲು ಮನಸ್ಸು ಬರಲಿಲ್ಲ.

"ನನಗ ಒಂದೂ ಕೇಳಿಸಲಿಲ್ಲ ತಂಗಿ. ನನ್ನ ತಂತಿ ಎತ್ತರ ಕಟ್ಟಿದ್ದೆ. ತಪ್ಪು ನಂದ."

ಆಕೆ ಅಳಲಿಲ್ಲ, ಬಯ್ಯಲಿಲ್ಲ. ವಹಿಯನ್ನು ಮುಚ್ಚಿ ಸೆಟ್ಟಿನ ಪಕ್ಕಕ್ಕೆ ಇಟ್ಟಳು.

"ಹಂಗಾರ ಅವ್ರು ಅಷ್ಟೊತ್ತು ಹೇಳಿದ್ದು ಯಾರಿಗೂ ಮುಟ್ಟಲಿಲ್ಲೇನ್ರಿ?"

ಇಲ್ಲ ಎಂದೆ.