ಪಟ್ಟಿಯ ಬಕಲ್

ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಹದ್ದಕ್ಕ. ಗಾಜಿನ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದಿದ್ದರೂ ಅವಳ ಕಣ್ಣು ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. ಅಲ್ಲಿ ತಯಾರಾಗುತ್ತಿದ್ದದ್ದು ಕಂಪ್ಯೂಟರಿಗೆ ಜೋಡಿಸಿ ತಲೆಗೆ ಹಾಕಿಕೊಳ್ಳುವ ವಿ.ಆರ್. ಹೆಡ್‌ಸೆಟ್. ಅಂತಿಂಥದ್ದಲ್ಲ, ದೊಡ್ಡ ಆಸ್ಪತ್ರೆಗಳು, ವಿಮಾನ ನಡೆಸಲು ಕಲಿಸುವ ಶಾಲೆಗಳು ಕೊಳ್ಳುವಂಥ ದುಬಾರಿ ಮಾಲು. ಕೆಲಸದವರು ಮಾತ್ರ ಅದನ್ನು ಕುದುರೆಯ ಕಣ್ಣುಪಟ್ಟಿ ಎಂದು ಆಡಿಕೊಳ್ಳುತ್ತಿದ್ದರು. ಒಳಗೆ ಒಂದೊಂದು ಕಣ್ಣಿಗೆ ಒಂದೊಂದು ಪುಟ್ಟ ಪರದೆ. ಎರಡೂ ಸರಿಯಾಗಿ ಉರಿದರೆ ಕೆಂಪು ಚೆಂಡೊಂದು ತೇಲುತ್ತಾ ಮೂಗಿನ ಹತ್ತಿರಕ್ಕೇ ಬರುತ್ತಿತ್ತು. ಹಿಡಿಯೋಣವೆಂದು ಕೈ ತಾನಾಗಿಯೇ ಮೇಲೇಳುತ್ತಿತ್ತು. ಹದ್ದಕ್ಕನ ಕೈ ಎದ್ದರೆ ಮಾಲು ಪಾಸು.

ಹಾಳಾದ್ದು, ಕಣ್ಣನ್ನೇ ನಂಬಿಕೊಂಡವಳಿಗೆ ಕಣ್ಣೇ ಕೈಕೊಡಬೇಕೇ! ಎಡಗಣ್ಣು ಮೊದಲು ಮಂಜಾಯಿತು, ಆಮೇಲೆ ಕತ್ತಲಾಯಿತು. ನರ ಒಣಗಿದೆ, ಇನ್ನು ಬರುವುದಿಲ್ಲ ಎಂದುಬಿಟ್ಟರು ಡಾಕ್ಟರು. ಮನೆಯಲ್ಲಿ ಮಗ ಏಣಿಯಿಂದ ಬಿದ್ದು, ಸೊಂಟ ಮುರಿದುಕೊಂಡು ಮಲಗಿದ್ದ. ಒಲೆ ಉರಿಯುತ್ತಿದ್ದದ್ದು ಅತ್ತೆ ಸೊಸೆಯರ ದುಡಿಮೆಯಿಂದ. ಸೊಸೆಯೂ ಅದೇ ಕಾರ್ಖಾನೆಯಲ್ಲಿ ಪರದೆಗಳಿಗೆ ವೈರು ಕೂರಿಸುವವಳು. ಒಂಟಿಕಣ್ಣಿನವಳನ್ನು ಪರೀಕ್ಷೆಯ ಮೇಜಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಹದ್ದಕ್ಕ ತುಟಿಪಿಟಕ್ಕೆನ್ನಲಿಲ್ಲ. ಬಲಗಣ್ಣನ್ನೇ ಎಡಗಡೆಯ ಗಾಜಿಗೂ ಸರಿಸಿ ನೋಡಿ ಕಾಲ ತಳ್ಳಿದಳು. ಹೊಸ ಮಾದರಿ ಬಂದ ಮೇಲೆ ಆ ಆಟವೂ ನಡೆಯಲಿಲ್ಲ. ಕಣ್ಣು ತನ್ನ ಜಾಗದಲ್ಲಿಲ್ಲದಿದ್ದರೆ ಆ ಶನಿ ಯಂತ್ರ ಪರದೆಯನ್ನೇ ಆರಿಸಿಬಿಡುತ್ತಿತ್ತು.

ಸೊಸೆಗೆ ಗೊತ್ತಾದದ್ದು ಚಹಾದಿಂದ. ಅತ್ತೆ ಬಗ್ಗಿಸಿದ ಚಹಾ ಲೋಟ ಬಿಟ್ಟು ಪಕ್ಕದ ನೆಲಕ್ಕೆ ಬಿತ್ತು.

"ಕೈ ನಡುಗ್ತು ಕಣೇ," ಎಂದಳು ಹದ್ದಕ್ಕ.

"ಕೈ ನಡುಗಿದ್ರೆ ಚೆಲ್ಲತ್ತೆ ಅತ್ತೆ. ನೀವು ಗುರಿಯಿಟ್ಟು ನೆಲಕ್ಕೇ ಸುರಿದ್ರಿ. ಯಾವ ಕಣ್ಣು?"

ಹದ್ದಕ್ಕ ಅಲ್ಲೇ ಕುಸಿದು ಕೂತು ಅತ್ತಳು. ಸೊಸೆ ಸಮಾಧಾನ ಹೇಳುವ ಜಾತಿಯಲ್ಲ. ನೆಲ ಒರೆಸುತ್ತಾ ಉಪಾಯ ಹೇಳಿದಳು. "ಕಳಿಸೋ ಮುಂಚೆ ಎರಡೂ ಪರದೆ ನಾನೇ ನೋಡ್ತೀನಿ. ಸರಿಯಿದ್ರೆ ತಲೆಗೆ ಬಿಗಿಯೋ ಪಟ್ಟಿಯ ಬಕಲ್ ಒಳಗಡೆ ತಿರುಗಿಸ್ತೀನಿ. ಕೆಟ್ಟಿದ್ರೆ ಹೊರಗಡೆ. ಒಳಗಡೆ ಇದ್ರೆ ಮಾತ್ರ ಕೈ ಎತ್ತಿ."

ಅಂದಿನಿಂದ ಹದ್ದಕ್ಕ ನೋಡುತ್ತಿದ್ದದ್ದು ಚೆಂಡನ್ನಲ್ಲ, ಬಕಲನ್ನು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೆರಳಲ್ಲಿ ಬಕಲ್ ತಡವುವುದು, ಕೈ ಎತ್ತುವುದು. ದಿನಗಳು ಸಾಗಿದವು.

ಆ ದಿನ ಗಿರಾಕಿಗಳು ಬಂದು ಕೂತಿದ್ದರು. ಕಾರ್ಖಾನೆಯ ಯಜಮಾನರಿಗೆ ಕಾಲು ನೆಲದ ಮೇಲಿರಲಿಲ್ಲ. ಎಡಪರದೆ ಸತ್ತಿದೆಯೆಂದು ಬಕಲ್ ಹೊರಗಡೆ ತಿರುಗಿಸಿ ಸೊಸೆ ಪಕ್ಕಕ್ಕಿಟ್ಟಿದ್ದ ಹೆಡ್‌ಸೆಟ್ಟನ್ನೇ, ಅವಳು ಹೊಸ ವೈರು ತರಲು ಎದ್ದು ಹೋದಾಗ, ಸಿದ್ಧವಾಗಿದೆಯೆಂದುಕೊಂಡು ತಾವೇ ಹದ್ದಕ್ಕನ ಮೇಜಿಗೆ ಎತ್ತಿಕೊಂಡು ಬಂದರು. ಅವರೋ ಶಿಸ್ತಿನ ಮನುಷ್ಯ, ಸೊಟ್ಟಗಿದ್ದದ್ದನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ದಾರಿಯಲ್ಲಿ ಬಕಲನ್ನು ನೀಟಾಗಿ ಒಳಗಡೆ ತಿರುಗಿಸಿದರು.

ಹದ್ದಕ್ಕ ಬಕಲ್ ತಡವಿದಳು. ಹಾಕಿಕೊಂಡಳು. ಕೈ ಎತ್ತಿದಳು.

ಗಿರಾಕಿ ಅದನ್ನು ಹಾಕಿಕೊಂಡವನೇ ತೆಗೆದು, "ಏನ್ರೀ ಇದು, ಒಂದು ಕಣ್ಣಿಗೆ ಬರೀ ಕತ್ತಲೆ," ಎಂದು ಎದ್ದು ಹೊರಟ. ಹಿಂದಿನಿಂದ ಉಳಿದವರೂ ಹೊರಟರು. ಯಜಮಾನರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಇದಕ್ಕೆ ವೈರು ಕೂರಿಸಿದ್ದು ಯಾರು?"

ವೈರು ಹಿಡಿದು ಬಂದ ಸೊಸೆಗೆ ಬಕಲ್ ಕಂಡಿತು, ಎಲ್ಲಾ ಅರ್ಥವಾಯಿತು. "ನಾನೇ ಸಾರ್. ವೈರು ಸರಿಯಾಗಿ ಕೂರಿಸಿರ್ಲಿಲ್ಲ. ಹದ್ದಕ್ಕ ಪಾಸು ಮಾಡಿದ್ಮೇಲೆ ಸಡಿಲ ಆಗಿರ್ಬೇಕು."

"ನಾಳೆಯಿಂದ ಬರಬೇಡ."

ಅವಳು ಅತ್ತೆಯ ಕಡೆ ಒಮ್ಮೆ ನೋಡಿದಳು. ಬಾಯಿ ಬಿಡಬೇಡಿ ಎಂಬ ನೋಟ. ಹದ್ದಕ್ಕ ಮನಸ್ಸಲ್ಲೇ ಲೆಕ್ಕ ಹಾಕಿದಳು. ಬಾಯಿ ಬಿಟ್ಟರೆ ಇಬ್ಬರ ಕೆಲಸವೂ ಹೋಗುತ್ತದೆ, ಬಿಡದಿದ್ದರೆ ಒಂದಾದರೂ ಉಳಿಯುತ್ತದೆ. ಮಲಗಿದ ಮಗನ ಮುಖ ಕಣ್ಣೆದುರು ಬಂತು. ಅಯ್ಯೋ, ಇಂಥ ಲೆಕ್ಕ ಯಾವ ತಾಯಿಗೂ ಬೇಡ!

ಯಜಮಾನರು ಇನ್ನೊಂದು ಹೆಡ್‌ಸೆಟ್ ತಂದಿಟ್ಟರು. "ಇದನ್ನ ನೋಡಿ ಹದ್ದಕ್ಕ. ಓಡಿ ಹೋಗಿ ಅವರನ್ನ ವಾಪಸ್ ಕರೀತೀನಿ. ನಿಮ್ಮ ಕಣ್ಣೇ ಈಗ ನನಗೆ ಗತಿ." ಮಾತಾಡುತ್ತಲೇ, ಅವಳ ಕಣ್ಣೆದುರೇ, ಬಕಲನ್ನು ಒಳಗಡೆ ತಿರುಗಿಸಿದರು.

ಅವಳು ಹಾಕಿಕೊಂಡಳು. ಚೆಂಡು ಬಂತು, ಕಾಗದಕ್ಕೆ ಅಂಟಿಸಿದ ಹಾಗೆ. ಎಡಗಡೆ ದೀಪವಿದೆಯೋ ಕತ್ತಲೆಯೋ, ದೇವರಿಗೇ ಗೊತ್ತು. ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು. ಕೈ ಏಳಲಿಲ್ಲ.

"ಇದು ಸರಿಯಿದೆಯೋ ಇಲ್ವೋ ನಂಗೆ ಗೊತ್ತಾಗಲ್ಲ ಸಾರ್," ಎಂದು ಅದನ್ನು ತೆಗೆದಿಟ್ಟಳು. "ಎಡಗಣ್ಣು ಸತ್ತು ತುಂಬಾ ದಿನ ಆಯ್ತು. ಇಷ್ಟು ದಿನ ನೋಡಿದ್ದು ಅವಳು. ಅವಳದೇನೂ ತಪ್ಪಿಲ್ಲ."

ಯಜಮಾನರು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು, "ಇಬ್ಬರೂ ಹೊರಡಿ," ಎಂದಷ್ಟೇ ಹೇಳಿದರು.

ಗೇಟು ದಾಟಿದ್ದೇ ಸೊಸೆ ಸಿಡಿದಳು. "ಸುಮ್ನಿರೋಕಾಗ್ಲಿಲ್ವಾ ಅತ್ತೆ? ನನ್ನದು ಹೇಗೂ ಹೋಗಿತ್ತು. ನಿಮ್ದಾದ್ರೂ ಉಳೀತಿತ್ತು! ಈಗ ಎಲ್ಲರ ಬಾಯಿಗೂ ಮಣ್ಣು. ಮನೇಲಿ ಅವರಿಗೆ ಏನಂತ ಹೇಳ್ಲಿ?"

"ನಿನ್ನನ್ನ ಕಳಿಸಿ, ನಾನು ಯಾರ ಕಣ್ಣಲ್ಲಿ ನೋಡ್ಲೇ?"

ಸೊಸೆಯ ಸಿಟ್ಟೇನೂ ಇಳಿಯಲಿಲ್ಲ. ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಬಸ್ಸು ಹದ್ದಕ್ಕನಿಗೆ ಕಾಣಲಿಲ್ಲ. ಸೊಸೆ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದು, ಬೈಯುತ್ತಲೇ ಅತ್ತೆಯ ಎಡಗಡೆಗೆ ಬಂದು ನಡೆದಳು.